ನಾಲ್ಕು ಕವಡೆಯ ಮನುಷ್ಯ

೧೯೭೨ನೆಯ ಇಸವಿ, ನನಗಾಗ ಇಪ್ಪತ್ತೊಂಬತ್ತು ವರ್ಷ. ಹುಣಸೂರಿನ ಶಾಲೆಯೊಂದರಲ್ಲಿ ಕನ್ನಡ ಬೋಧಿಸುತ್ತಿದ್ದೆ. ಊರಿಗೆ ಹೊಸಬ, ಒಂಟಿ ಕೋಣೆಯ ಬಾಡಿಗೆದಾರ. ಭಾನುವಾರದ ಮಧ್ಯಾಹ್ನಗಳನ್ನು ಏನು ಮಾಡಬೇಕೆಂದು ತಿಳಿಯದಿದ್ದ ಕಾಲದಲ್ಲಿ, ಮೇಜಿನ ಮುರಿದ ಕಾಲನ್ನು ಸರಿಮಾಡಿಸಲು ಹೊಳೆಯ ದಡದ ಗಾಡಿ ಕಾರ್ಖಾನೆಗೆ ಹೋದವನು ಅಲ್ಲಿನ ಆಟಕ್ಕೆ ಸಿಕ್ಕಿಬಿದ್ದೆ.

ಕಾರ್ಖಾನೆಯ ಒಡೆಯರಾದ ಸಾಬರು ಗಾಡಿಚಕ್ರಕ್ಕೆ ಹೆಸರಾದವರು. ಕಥೆ ಕಟ್ಟುವುದರಲ್ಲಿ ಅದಕ್ಕೂ ಒಂದು ಕೈ ಮೇಲು. ಆಟ ಅವರದೇ ಸೃಷ್ಟಿ. ಕೆಲಸದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಹೊಳೆ, ಗುಡ್ಡ, ಊರುಗಳನ್ನು ಬರೆಯುವರು. ಮರದ ಸಿಪ್ಪೆಯನ್ನು ಗುಡ್ಡೆ ಹಾಕಿದರೆ ಅದೇ ಕಾಡು. ಆಡುವವರೊಬ್ಬೊಬ್ಬರಿಗೂ ಹೆಬ್ಬೆರಳಿಗಿಂತ ತುಸು ಎತ್ತರದ ಮರದ ಬೊಂಬೆ. ಸಾಬರು ಕಥೆ ಹೇಳುತ್ತ ಒಂದೆಡೆ ನಿಲ್ಲಿಸಿ, “ಈಗೇನ್ ಮಾಡ್ತೀರಿ?” ಎಂದು ಕೇಳುವರು; ಬೊಂಬೆಯ ಪರವಾಗಿ ನಾವು ಉತ್ತರಿಸಬೇಕು. ಹೊಡೆದಾಟ ಬಂದರೆ ಕವಡೆ. ಎದುರಾಳಿಗೆ ಎಷ್ಟು ಬೇಕೆಂದು ಸಾಬರು ಮೊದಲೇ ಗೊತ್ತುಮಾಡುವರು. ಅಂಗಾತ ಬಿದ್ದ ಕವಡೆಗಳು ಆ ಸಂಖ್ಯೆಯನ್ನು ಮುಟ್ಟಿದರೆ ಗೆಲುವು, ಮುಟ್ಟದಿದ್ದರೆ ಪೆಟ್ಟು. ಸತ್ತ ಬೊಂಬೆಯನ್ನು ಅಂಟು ಕಾಯಿಸುವ ಒಲೆಗೆ ಹಾಕುವುದು ಅಲ್ಲಿನ ಪದ್ಧತಿ.

ಆಡುತ್ತಿದ್ದವರು ಮೂವರು: ನಾನು, ಹೆಗ್ಗಡದೇವನಕೋಟೆ ಕಡೆಯಿಂದ ಬಂದು ನಾಗರಹೊಳೆ ರಸ್ತೆಯ ಅರಣ್ಯ ಗೇಟಿನಲ್ಲಿ ಕಾವಲಿದ್ದ ಗಾರ್ಡು, ಗಾವಡಗೆರೆಯ ಹತ್ತಿರ ಹೊಗೆಸೊಪ್ಪು ಬೆಳೆಯುತ್ತಿದ್ದ ಗೌಡರು. ಆರಂಭದಲ್ಲಿ ಮೂರೂ ಬೊಂಬೆಗಳು ಮನುಷ್ಯರೇ. ಮೂವರಿಗೂ ನಾಲ್ಕು ನಾಲ್ಕು ಕವಡೆ.

ಕೆಟ್ಟದ್ದು ವರಗಳಿಂದ. ಕಥೆ ಗೆದ್ದವರಿಗೆ ಸಾಬರು ವರ ಕೊಡುವರು: ಬೊಂಬೆಗೊಂದು ಹೊಸ ಅಂಗವೋ ಆಯುಧವೋ, ಅದರೊಡನೆ ಇನ್ನೊಂದು ಕವಡೆ. ಗಾರ್ಡಿನ ಬೊಂಬೆಗೆ ರೆಕ್ಕೆ ಬಂತು. ಗೌಡರು ಬಿಟ್ಟಾರೆಯೇ? ತಮ್ಮದಕ್ಕೆ ಹೆಡೆ ಹಚ್ಚಿಸಿಕೊಂಡರು. ಅವನಿಗೆ ಗದೆ, ಇವರಿಗೆ ಎರಡನೆಯ ಹೆಡೆ. ಬಲ ಹೆಚ್ಚಿದಂತೆ ಎದುರಾಳಿಯೂ ಹೆಚ್ಚದಿದ್ದರೆ ಕಥೆಗೆ ರುಚಿಯಿಲ್ಲ. ಎದುರಾಳಿ ಹೆಚ್ಚಿದ ಮೇಲೆ ಇನ್ನಷ್ಟು ಬಲ ಬೇಕು. ನಾನು ಮಾತ್ರ ಒಂದು ವರವನ್ನೂ ಪಡೆಯಲಿಲ್ಲ. ಮನುಷ್ಯನಾಗಿ ಹೊರಟವನು ಮನುಷ್ಯನಾಗಿಯೇ ಮುಗಿಸಬೇಕೆಂಬುದು ನನ್ನ ಹಟ. ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಬ್ಬರೂ ಹನ್ನೆರಡು ಕವಡೆ ಎಸೆಯುತ್ತಿದ್ದರು. ಎದುರಾಳಿಯನ್ನು ಗೆಲ್ಲಲು ಬೇಕಾದ ಕವಡೆ ಏಳನ್ನು ದಾಟಿತ್ತು. ನನ್ನ ಕವಡೆಗಳೆಲ್ಲ ಅಂಗಾತ ಬಿದ್ದರೂ ನಾಲ್ಕೇ. ನನ್ನ ಗೆಲುವು ಕಷ್ಟವಾದದ್ದಲ್ಲ, ಅಸಾಧ್ಯವಾದದ್ದು.

“ಮೇಷ್ಟ್ರೇ, ನಿಮ್ಮ ಮನ್ಸನ್ನ ಎಗಲ ಮ್ಯಾಲೆ ಒತ್ಕಂಡು ಒತ್ಕಂಡು ನನ್ನ ಎಡೆ ಸವೆದೋಯ್ತು ಕಣ್ರೀ,” ಎಂದರು ಗೌಡರು. “ಒಂದು ಬಾಲನಾದ್ರೂ ಈಸ್ಕೊಳ್ಳಿ.”

“ಬಾಲ ಬಂದ್ರೆ ಅವ್ರು ಇಸ್ಕೂಲಲ್ಲಿ ಕುರ್ಚಿ ಮ್ಯಾಲೆ ಕೂರೋದೆಂಗೆ ಗೌಡ್ರೇ?” ಎಂದ ಗಾರ್ಡು.

ಸಾಬರು ನಗಲಿಲ್ಲ. “ನಂದೂ ಕಷ್ಟ ನೋಡಿ ಮೇಷ್ಟ್ರೇ. ಇವ್ರ ಅಳತೆಗೆ ರಾಕ್ಷಸನ್ನ ಮಾಡಿದ್ರೆ ನಿಮ್ಮೋನು ಸಾಯ್ತಾನೆ. ನಿಮ್ಮೋನ ಅಳತೆಗೆ ಮಾಡಿದ್ರೆ ಇವ್ರು ಕೂತಲ್ಲೇ ನಿದ್ದೆ ಹೊಡೀತಾರೆ. ಅವನೊಂದು ಸಾರಿ ಸತ್ರೆ ಮತ್ತೆ ನಾನು ಮನುಷ್ಯನ್ನ ಕೆತ್ತಲ್ಲ. ಈಗ್ಲೇ ಹೇಳಿರ್ತೀನಿ.”

ಅವನು ಸತ್ತರೆ ನಾನೂ ಆ ಹಲಗೆಯ ಮುಂದೆ ಕೂರುವುದಿಲ್ಲವೆಂದು ಅಂದೇ ನಿಶ್ಚಯಿಸಿದೆ. ಆದರೆ ಅದನ್ನು ಬಿಟ್ಟರೆ ಆ ಊರಿನಲ್ಲಿ ನನ್ನವರೆನ್ನಬಹುದಾದ ಜನ ಬೇರೆ ಇರಲಿಲ್ಲ.

ರಂಜಾನಿಗೆ ಮುಂಚಿನ ಭಾನುವಾರ ಸಾಬರು ಒಂದು ಕೆರೆಯ ಕಥೆ ತೆಗೆದರು. ತೂಬಿನ ಮೇಲೊಂದು ಭೂತ. ಅದು ಕಾವಲಿರುವ ತನಕ ಕೆಳಗಿನ ಗದ್ದೆಗಳಿಗೆ ಹನಿ ನೀರಿಲ್ಲ. ಅದಕ್ಕೆ ಬೇಕಾದದ್ದು ಒಂಬತ್ತು. ಗಾರ್ಡು ಎಸೆದ, ಆರು ಬಿತ್ತು. ಅವನ ಬೊಂಬೆ ರೆಕ್ಕೆ ಮುರಿದುಕೊಂಡು ಏರಿಯ ಕೆಳಗುರುಳಿತು. ಗೌಡರಿಗೂ ಆರೇ, ಹೆಡೆಗಳೆರಡೂ ಜಜ್ಜಿಹೋದವು. ಉಳಿದವನು ನಾನು. ಅವರಿಬ್ಬರಿಗೆ ಗಾಯವಾಗುವಂಥ ಪೆಟ್ಟು ನನಗೆ ಸಾವು. ಅದು ನಾಲ್ವರಿಗೂ ಗೊತ್ತಿತ್ತು. ಅಂಟಿನ ಪಾತ್ರೆ ಒಲೆಯ ಮೇಲೆ ಗುಳುಗುಳು ಎನ್ನುತ್ತಿತ್ತು.

“ಈಗೇನ್ ಮಾಡ್ತೀರಿ?” ಎಂದರು ಸಾಬರು.

ಗಾರ್ಡು ನಾಲ್ಕು ಕವಡೆಗಳನ್ನು ನನ್ನತ್ತ ತಳ್ಳಿದ. ನಾನು ಮುಟ್ಟಲಿಲ್ಲ. ಬೊಂಬೆಯನ್ನು ಮಾತ್ರ ತೂಬಿನ ಬಳಿಗೆ ಸರಿಸಿ, “ಅಯ್ಯಾ, ನಿನ್ನನ್ನು ಇಲ್ಲಿ ಕಾವಲಿಗೆ ನಿಲ್ಲಿಸಿದವರು ಯಾರು?” ಎಂದು ಕೇಳಿದೆ.

ಸಾಬರು ಕಣ್ಣೆತ್ತಿದರು. ಅಷ್ಟು ದಿನದ ಆಟದಲ್ಲಿ ಎದುರಾಳಿಯನ್ನು ಯಾರೂ ಮಾತನಾಡಿಸಿರಲಿಲ್ಲ. ಕಥೆ ಹೇಳುವವರೇ ಭೂತವಾಗಿ ಉತ್ತರಿಸಬೇಕು.

“ಯಾವನೋ ಪಾಳೇಗಾರ. ಅವನು ಸತ್ತು ಮಣ್ಣಾದ.”

“ನಿನ್ನನ್ನು ಬಿಡಿಸಲು ಯಾರೂ ಬರಲಿಲ್ಲವೇ?”

“ಇಲ್ಲ.”

“ನೀನು ಊಟ ಮಾಡಿ ಎಷ್ಟು ಕಾಲವಾಯಿತು?”

“ಲೆಕ್ಕ ಇಲ್ಲ.”

“ಹಾಗಾದರೆ ನೀನು ಹೋಗಿ ಉಂಡು ಬಾ. ಅಲ್ಲಿಯವರೆಗೆ ನಾನು ಕೂತಿರುತ್ತೇನೆ.”

“ಇದೆಲ್ಲ ಆಗಕಿಲ್ಲ!” ಗಾರ್ಡು ಹಲಗೆ ಗುದ್ದಿದ, ಸಿಪ್ಪೆಯ ಕಾಡು ಚೆದುರಿತು. “ನಾವು ರೆಕ್ಕೆ ಮುರ್ಕಂಡು ಬಿದ್ದಿದೀವಿ, ಇವ್ರು ಭೂತದ ಕುಟೆ ಊಟದ ಇಚಾರ ಮಾತಾಡ್ತಾ ಕುಂತವ್ರೆ. ಕವಡೆ ಆಕ್ರೀ, ಇಲ್ಲ ಒಲೇಗ್ ಆಕ್ರೀ!”

“ಹೊಡೆದರೆ ತಾನೇ ಕವಡೆ? ನಾನು ಹೊಡೆಯುತ್ತಿಲ್ಲ.”

“ಸೋಲ್ತೀನಿ ಅಂತ ಗೊತ್ತಾದ್ಮೇಲೆ ಉಪಾಯ. ಮೇಷ್ಟ್ರ ಬುದ್ಧಿ ಅಂದ್ರೆ ಇದೇ ಕಣ್ರೀ,” ಎಂದ ಗಾರ್ಡು.

ಸಾಬರು ನನ್ನ ಬೊಂಬೆಯನ್ನು ಎತ್ತಿಕೊಂಡರು. ಒಲೆಯ ಕಡೆಗೆ ನಡೆದರು. ಅದನ್ನು ಒಲೆಯ ಮೇಲಿನ ಗೂಡಿನಲ್ಲಿಟ್ಟು ತಿರುಗಿದರು. “ನಾಳೆಯಿಂದ ರೋಜಾ. ಉಪವಾಸ ಇದ್ಕೊಂಡು ಸುಳ್ಳು ಕಥೆ ಹೇಳಲ್ಲ. ತೀರ್ಮಾನ ಹಬ್ಬ ಆದ್ಮೇಲೆ.”

ಆ ತಿಂಗಳನ್ನು ಹೇಗೆ ಕಳೆದೆನೋ! ಶಾಲೆಯಿಂದ ಮರಳುವಾಗ ಬೇಕೆಂದೇ ಸುತ್ತುದಾರಿ ಹಿಡಿದು ಕಾರ್ಖಾನೆಯ ಮುಂದೆ ಹಾಯುತ್ತಿದ್ದೆ. ಒಳಗೆ ಹೋಗಿ ಕೇಳುವುದು ಉಚಿತವಲ್ಲ. ಮಾಡಿನಿಂದ ಹೊಗೆ ಏಳುತ್ತಿತ್ತು. ಉರಿಯುತ್ತಿರುವುದು ಚಕ್ಕೆಯೋ ಮತ್ತೊಂದೋ ತಿಳಿಯುತ್ತಿರಲಿಲ್ಲ. ಹಬ್ಬದ ದಿನ ಸಾಬರ ಮನೆಯಿಂದ ಶಾವಿಗೆ ಪಾಯಸ ಬಂತು. ಬೊಂಬೆಯ ಸುದ್ದಿ ಬರಲಿಲ್ಲ.

ಮತ್ತೆ ಸೇರಿದಾಗ ಬೊಂಬೆ ಗೂಡಿನಲ್ಲೇ ಇತ್ತು, ಹೊಗೆ ಹಿಡಿದು ಕಪ್ಪಾಗಿ. ಸಾಬರು ಅದನ್ನು ತಂದು ಹಲಗೆಯ ಅಂಚಿನಲ್ಲಿಟ್ಟು, “ಹೇಳಿ,” ಎಂದರು. ನಾನು ವಾದವನ್ನು ಕ್ರಮವಾಗಿ ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವ ಮೊದಲೇ ಗಾರ್ಡು ಕೈಯೆತ್ತಿ ತಡೆದ. ಮುಗಿಯಿತೆಂದುಕೊಂಡೆ.

“ಓದ ವಾರ ಗೇಟಲ್ಲಿ ನನ್ನ ಪಾಳಿ ಬಿಡಿಸೋನು ಬರ್ಲಿಲ್ಲ,” ಎಂದ, ನಮ್ಮ ಯಾರ ಮುಖವನ್ನೂ ನೋಡದೆ. “ರಾತ್ರಿ ಕಳೀತು, ಬೆಳಗಾಯ್ತು, ಸಂಜೆನೂ ಆಯ್ತು. ಒಟ್ಟೆಗೆ ನೀರು ಬುಟ್ರೆ ಏನಿಲ್ಲ. ಅವತ್ತು ಯಾವನಾರ ಬಂದು, ‘ನೀ ಓಗಿ ಉಂಡ್ಕಂಡ್ ಬಾ, ನಾ ಕೂತಿರ್ತೀನಿ’ ಅಂದಿದ್ರೆ ಗೇಟಿನ ಬೀಗದ ಕೈನೇ ಕೊಟ್ಬುಟ್ಟು ಓಡೋಗ್ತಿದ್ದೆ. ಅಂಗಂದೋನ್ನ ಯಾವ ಕಾವಲಿನೋನೂ ಒಡಿಯಾಕಿಲ್ಲ ಸಾಬ್ರೇ. ಭೂತನೂ ಒಡಿಯಾಕಿಲ್ಲ.”

“ಲೇ, ಅವತ್ತು ಒಲೇಗ್ ಆಕಿ ಅಂದೋನು ನೀನೇ ಕಣ್ಲಾ!” ಎಂದರು ಗೌಡರು.

“ಅವತ್ತು ಉಂಡಿದ್ದೆ ಗೌಡ್ರೇ.”

ಸಾಬರು ಹಲಗೆಯ ಮೇಲೆ ಅಂಗೈ ಊರಿದರು. ಅವರ ಮಾತು ಕೊನೆಯದೆಂಬುದಕ್ಕೆ ಅದೇ ಗುರುತು. “ಭೂತ ಎದ್ದು ಹೋಯ್ತು. ತೂಬು ತೆಗೀರಿ, ನೀರು ಬಿಡಿ. ಆದ್ರೆ ಮೇಷ್ಟ್ರೇ, ಮಾತು ಕೊಟ್ಟೋರು ನೀವು. ಅದು ವಾಪಸ್ ಬರೋ ತನಕ ನಿಮ್ಮೋನು ಅಲ್ಲೇ ಕೂರಬೇಕು. ಇವ್ರ ಜೊತೆ ಮುಂದಕ್ಕೆ ಹೋಗೋ ಹಾಗಿಲ್ಲ.”

“ಅದು ಬರುವುದು ಯಾವಾಗ?”

“ಅಷ್ಟು ಕಾಲ ಹಸಿದಿದ್ದದ್ದು. ಉಣ್ಣೋಕೆ ಹೊತ್ತು ಹಿಡೀತದೆ.”

ಒಪ್ಪಿಕೊಂಡೆ. ರೆಕ್ಕೆಯವನೂ ಹೆಡೆಯವನೂ ಗುಡ್ಡ ಹತ್ತಿ ಬೇರೆ ಕಥೆಗಳಿಗೆ ಹೋದರು; ಅವರ ಕವಡೆಗಳು ಒಂದೇ ಅಂಗೈಯಲ್ಲಿ ಹಿಡಿಯದಷ್ಟಾದವು. ನನ್ನ ವರ್ಗಾವಣೆಯಾಗುವವರೆಗೂ ಭಾನುವಾರಗಳಂದು ನಾನು ಅದೇ ಜಾಗದಲ್ಲಿ ಕೂತು ಕೇಳಿದೆ. ಹಲಗೆಯನ್ನು ಒರೆಸಿ ಹೊಸ ಊರು ಬರೆಯುವಾಗಲೂ ಆ ತೂಬನ್ನು ಸಾಬರು ಅಳಿಸಲಿಲ್ಲ. ತೀರ್ಮಾನವಾದ ಆ ಮಧ್ಯಾಹ್ನ ಅವರು ಪಾತ್ರೆಯಿಂದ ಒಂದು ತೊಟ್ಟು ಬಿಸಿ ಅಂಟು ತೆಗೆದು, ಮನುಷ್ಯನ ಪಾದಗಳಿಗೆ ಹಚ್ಚಿ, ಸೀಮೆಸುಣ್ಣದ ತೂಬಿನ ಮೇಲೆ ಒತ್ತಿ ಹಿಡಿದಿದ್ದರು. ಅಂದು ೧೯೭೨ನೆಯ ಇಸವಿ ನವೆಂಬರ್ ೧೯, ಭಾನುವಾರ.