ಮಜ್ಜಿಗೆಯ ಮೇಲೊಂದು ಪಾಯಸ

ನನ್ನ ತಮ್ಮ ಪೂರ್ಣೇಶನಿಗೆ ಒಂದು ಕಾಯಿಲೆಯಿದೆ. ಡಾಕ್ಟರ ಹತ್ತಿರ ತೋರಿಸುವಂಥದ್ದಲ್ಲ. ದೊಡ್ಡ ದೊಡ್ಡ ಕಂಪನಿಗಳನ್ನು ಹೇಗೆ ನಡೆಸಬೇಕು, ಯಾವ ನಾಯಕ ಗೆಲ್ಲುತ್ತಾನೆ, ಯಾವನು ಮುಳುಗುತ್ತಾನೆ ಎಂದೆಲ್ಲ ಪಂಡಿತರು ಮಾಡಿದ ಸಂಶೋಧನೆಗಳನ್ನು ಅವನು ಮೊಬೈಲಿನಲ್ಲಿ ಕೇಳುತ್ತಾನೆ. ಸ್ಕೂಟರ್ ಓಡಿಸುತ್ತಾ ಕೇಳುತ್ತಾನೆ, ಕಾಯಿ ತುರಿಯುತ್ತಾ ಕೇಳುತ್ತಾನೆ. ಹೊಸನಗರದ ಬಸ್‌ಸ್ಟ್ಯಾಂಡಿಗೆ ನನ್ನನ್ನು ಕರೆದೊಯ್ಯಲು ಬಂದಾಗಲೂ ಒಂದು ಕಿವಿಯಲ್ಲಿ ಅದೇ ಇರುತ್ತದೆ. ನನಗೆ ಸಿಗುವುದು ಇನ್ನೊಂದು ಕಿವಿ ಮಾತ್ರ. ಮೇಗರವಳ್ಳಿಯ ಗಂಡನ ಮನೆಯಿಂದ ಬಸ್ಸು ಬದಲಾಯಿಸಿಕೊಂಡು ಸುಸ್ತಾಗಿ ಇಳಿದಿರುತ್ತೇನೆ, ಇವನು ಊಟ ಆಯ್ತಾ ಎಂದೂ ಕೇಳದೆ ಶುರು ಮಾಡುತ್ತಾನೆ.

"ಅಕ್ಕಾ, ಗೆಲ್ಲೋ ಲೀಡರ್‌ಗಳು ಬೆಳಿಗ್ಗೆ ಎದ್ದ ಕೂಡ್ಲೆ ಎಂತ ಮಾಡ್ತಾರೆ ಗೊತ್ತಾ?"

"ಮುಖ ತೊಳೀತಾರೆ. ಬ್ಯಾಗ್ ಹಿಡ್ಕೋ" ಎನ್ನುತ್ತೇನೆ.

ಇವನು ನಡೆಸುವ ಕಂಪನಿ ಯಾವುದು ಅಂತೀರಾ? ಅಡುಗೆ ಕಾಂಟ್ರಾಕ್ಟು. ಮದುವೆ, ಗೃಹಪ್ರವೇಶ, ನಾಮಕರಣ ಎಂದು ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ನಮ್ಮ ಟೆಂಪೊ ಓಡುತ್ತದೆ. ಶುರು ಮಾಡಿದವಳು ಅಮ್ಮ. ಅಪ್ಪ ಹೋದಮೇಲೆ ನಮ್ಮಿಬ್ಬರನ್ನು ಸಾಕಲು ಯಾರದೋ ಮದುವೆ ಮನೆಯಲ್ಲಿ ಸೌಟು ಹಿಡಿದಳು, ಆಮೇಲೆ ಅದನ್ನು ಕೆಳಗಿಡಲೇ ಇಲ್ಲ. ಈಗ ಮಂಡಿನೋವು ಬಂದು ಮೂಲೆ ಹಿಡಿಸಿದೆ. ಒಲೆ, ಆಳು, ಪಾತ್ರೆ ಎಲ್ಲದರ ಉಸ್ತುವಾರಿಯೂ ಪೂರ್ಣೇಶನದೇ.

ಆದರೆ ಜನ ಕೇಳುವುದು ಮಾತ್ರ "ದುರ್ಗಮ್ಮನ ಅಡುಗೆಯವರು ಬಂದ್ರಾ?" ಎಂದೇ. ಟೆಂಪೊ ಮೇಲಿನ ಬೋರ್ಡೂ ಹಾಗೇ ಹೇಳುತ್ತದೆ. ಇವನು ಮಾಡಿದ ಸಾರನ್ನು ಕೈಯೊಡ್ಡಿ ಹಾಕಿಸಿಕೊಂಡು ಕುಡಿದವರು "ದುರ್ಗಮ್ಮನ ಕೈರುಚಿಯೇ ಬೇರೆ ಬಿಡ್ರಿ" ಎಂದು ತೇಗುತ್ತಾರೆ. ದುರ್ಗಮ್ಮ ಆ ಹೊತ್ತಿಗೆ ಮನೆಯಲ್ಲಿ ಮಂಡಿಗೆ ಎಣ್ಣೆ ಹಚ್ಚಿಕೊಂಡು ಟಿವಿಯಲ್ಲಿ ಧಾರಾವಾಹಿ ನೋಡುತ್ತಿರುತ್ತಾಳೆ! ಇದು ಅವನಿಗೆ ಎಷ್ಟು ಚುಚ್ಚುತ್ತದೆಂದು ನನಗೆ ಗೊತ್ತು. ನಾನು ಅವನನ್ನು ಆಡಿಕೊಂಡು ನಗುತ್ತೇನೆ ನಿಜ, ಆದರೆ ಅವನ ಪರವಾಗಿ ನನಗೂ ಹೊಟ್ಟೆ ಉರಿಯುತ್ತದೆ.

ಈ ಉರಿಗೆ ಮದ್ದೆಂದು ಅವನು ಹುಡುಕಿಕೊಂಡದ್ದೇ ಆ ಸಂಶೋಧನೆಗಳು. ಯಾವುದೋ ದೇಶದ ಕಂಪನಿಗಳಲ್ಲಿ ದಿನಾ ಬೆಳಿಗ್ಗೆ ಎಲ್ಲರೂ ನಿಂತುಕೊಂಡೇ ಮೀಟಿಂಗ್ ಮಾಡುತ್ತಾರಂತೆ, ಅದರಿಂದ ಕೆಲಸ ಚುರುಕಾಗುತ್ತದಂತೆ. ಸರಿ, ಇವನೂ ಬೆಳಗಿನ ಜಾವ ತರಕಾರಿ ಹೆಚ್ಚುವ ಮೊದಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಭಾಷಣ ಶುರುಮಾಡಿದ. ಅಮ್ಮನ ಕಾಲದಿಂದಲೂ ನಮ್ಮ ಜೊತೆಗಿರುವ ಮಹಾಲಕ್ಷ್ಮೀ ಆಕಳಿಸುತ್ತಾ, "ನಾವು ಹೆಂಗೂ ರಾತ್ರಿ ತನಕ ನಿಂತೇ ಇರೋದಲ್ದಾ ಪೂರ್ಣೇಶಣ್ಣ? ಕೂತ್ಕಂಡು ಮಾಡೋ ಮೀಟಿಂಗ್ ಇದ್ರೆ ಹೇಳಿ, ಖುಷಿಯಿಂದ ಬರ್ತೀವಿ" ಎಂದಳು. ಮೀಟಿಂಗ್ ಅಲ್ಲಿಗೆ ಮುಗಿಯಿತು.

ಆಮೇಲೆ ಕಾರ್ಯತಂತ್ರ. ಎದುರಾಳಿಯ ದೌರ್ಬಲ್ಯವನ್ನು ಅರಿಯಬೇಕೆಂದು ಸಾಗರದ ಮದುವೆಯೊಂದಕ್ಕೆ ಕರೆಯದೆ ಹೋಗಿ, ಬೇರೆ ಕಾಂಟ್ರಾಕ್ಟರ ಊಟ ಉಂಡು ಬಂದ. ಎಂತ ದೌರ್ಬಲ್ಯ ಸಿಕ್ಕಿತು ಎಂದು ಕೇಳಿದೆ. "ಹೋಳಿಗೆ ಭಾರೀ ಚೆನ್ನಾಗಿತ್ತು ಅಕ್ಕಾ" ಎಂದ.

ಹೋದ ಮೇ ತಿಂಗಳಿನಲ್ಲಿ ಇದೆಲ್ಲದರ ಅಪ್ಪನಂಥ ಒಂದು ವಿಚಾರ ಅವನ ತಲೆಗೆ ಹೊಕ್ಕಿತು. ಹುಲಿಕಲ್ ಕಡೆಯ ವಾಸಪ್ಪನವರ ಮಗಳ ಮದುವೆ ತೀರ್ಥಹಳ್ಳಿಯ ಛತ್ರವೊಂದರಲ್ಲಿತ್ತು, ಅಡುಗೆ ನಮ್ಮದು. ನಾನೂ ಕೈಜೋಡಿಸಲು ತವರಿಗೆ ಬಂದಿದ್ದೆ. ಪೂರ್ಣೇಶ ಅಮ್ಮನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತ.

"ಅಮ್ಮ, ಗಿರಾಕಿಗಳ ಮನಸ್ಸಲ್ಲಿ ಉಳಿಯೋದು ಕೊನೇ ಗಳಿಗೆ ಅಂತೆ. ಮಧ್ಯದಲ್ಲಿ ಎಷ್ಟೇ ಚೆನ್ನಾಗಿ ಮಾಡು, ಮರ್ತು ಹೋಗ್ತಾರೆ. ಕಡೆಗೆ ಎಂತ ಸಿಕ್ತೋ ಅದೇ ನೆನಪು. ನಾವು ಕಡೆಗೆ ಕೊಡೋದು ಎಂತ? ಮಜ್ಜಿಗೆ!"

"ಮಜ್ಜಿಗೆಗೆ ಎಂತ ಆಗಿದೆ?" ಎಂದಳು ಅಮ್ಮ.

"ಮಜ್ಜಿಗೆ ಯಾರ ಮನೇಲಿ ಇಲ್ಲ ಹೇಳು? ನಾನು ಹಲಸಿನ ಹಣ್ಣಿನ ಪಾಯಸನ ಕಡೆಗಿಡ್ತೀನಿ. ಮಜ್ಜಿಗೆ ಆದ್ಮೇಲೆ ಅಡಿಕೆ ಹಾಳೆ ಬಟ್ಟಲಲ್ಲಿ ಬಿಸಿಬಿಸಿ ಪಾಯಸ."

ಕಡೆಗೆ ಸಿಹಿಯೇ ಬೇಕೆಂದರೆ ಬಾಗಿಲಲ್ಲಿ ಐಸ್‌ಕ್ರೀಮು ಕೊಡುತ್ತಾರಲ್ಲ ಎಂದು ನಾನು ಮೂಗು ತೂರಿಸಿದೆ. ಅದನ್ನು ತಿಂದವರು ಐಸ್‌ಕ್ರೀಮಿನ ಅಂಗಡಿಯವನನ್ನು ನೆನೆಯುತ್ತಾರೆಯೇ ಹೊರತು ಅಡುಗೆಯವನನ್ನಲ್ಲ ಎಂದು ನನ್ನ ಬಾಯಿ ಮುಚ್ಚಿಸಿದ.

ಅಮ್ಮ ತಲೆಯಾಡಿಸಿದಳು. "ಮಜ್ಜಿಗೆ ಬಂತು ಅಂದ್ರೆ ಊಟ ಮುಗೀತು ಅಂತ ಲೆಕ್ಕ ಮಗಾ. ಜನ ಎದ್ದು ಹೋಗ್ತಾರೆ. ಬೇಡ."

ಪೂರ್ಣೇಶ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಆಡಿದ ಮಾತು ಮೊಬೈಲಿನದಾಗಿರಲಿಲ್ಲ. "ಇದೊಂದು ಮದುವೆ ನಂದು ಅಂತ ಆಗ್ಲಿ ಅಮ್ಮ. ಒಂದು ಊಟನಾದ್ರೂ ಪೂರ್ಣೇಶ ಹಾಕಿದ್ದು ಅಂತ ಜನ ಹೇಳ್ಲಿ. ಕೆಟ್ಟೋದ್ರೆ ಮತ್ತೆ ಈ ಮಾತು ಎತ್ತಲ್ಲ. ಸಾಯೋ ತನಕ ನಿನ್ನ ಹೆಸರಲ್ಲೇ ಸೌಟು ತಿರುವ್ತೀನಿ."

ಅಮ್ಮ ಟಿವಿಯ ಕಡೆ ತಿರುಗಿದಳು. ಮದುವೆಯ ದಿನ ಮಾತ್ರ ಯಾರೂ ಕರೆಯದೆ ಒಳ್ಳೆಯ ಸೀರೆಯುಟ್ಟು ಟೆಂಪೊದ ಮುಂದಿನ ಸೀಟಿನಲ್ಲಿ ಕೂತಿದ್ದಳು.

ಛತ್ರದ ಊಟದ ಹಾಲ್ ಹೇಗಿರುತ್ತದೆಂದು ನಿಮಗೇ ಗೊತ್ತು. ಒಂದು ಪಂಕ್ತಿ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತಿರುತ್ತಾರೆ. ಉಣ್ಣುವವರ ಎಲೆಯಲ್ಲಿ ಇನ್ನೆಷ್ಟು ಅನ್ನ ಉಳಿದಿದೆ ಎಂದು ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಮೊದಲ ಪಂಕ್ತಿಗೆ ಮಜ್ಜಿಗೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಾಲಿನ ಈ ತುದಿಯಿಂದ ಹೊರಟೆ. ಕೈಯೊಡ್ಡಿದವರು ಕುಡಿದರು, ಕುಡಿದವರು ಎದ್ದರು. ಆ ತುದಿ ಮುಟ್ಟಿ ತಿರುಗಿ ನೋಡಿದರೆ ಈ ತುದಿಯ ಕುರ್ಚಿಗಳಲ್ಲಿ ಬೇರೆಯೇ ಮುಖಗಳು! ಪೂರ್ಣೇಶ ಪಾಯಸದ ಬಕೆಟ್ಟು ಹಿಡಿದು "ಕೂತ್ಕಳಿ, ಪಾಯಸ ಇದೆ, ಕೂತ್ಕಳಿ" ಎಂದು ಕೂಗುತ್ತಾ ಬಂದ. ವಾಲಗದ ಸದ್ದಿನಲ್ಲಿ ಅವನ ಕೂಗು ಯಾರ ಕಿವಿಗೂ ಬೀಳಲಿಲ್ಲ. ಕೈತೊಳೆಯಲು ಹೊರಟವರು ಅವನನ್ನೇ ಪಕ್ಕಕ್ಕೆ ಸರಿಸಿ ಹೋದರು. ಗಡಿಬಿಡಿಯಲ್ಲಿ ಅವನ ಹಿಂದಿದ್ದ ಹುಡುಗರು ಹೊಸದಾಗಿ ಬಂದು ಕೂತಿದ್ದ ನಾಲ್ಕಾರು ಜನಕ್ಕೆ ಬಟ್ಟಲು ಕೊಟ್ಟುಬಿಟ್ಟರು. ಉಪ್ಪು ಬೀಳುವ ಮೊದಲೇ ಪಾಯಸ ಉಂಡ ಅವರು, ಇದು ಯಾವ ಸೀಮೆಯ ಪದ್ಧತಿ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಪೂರ್ಣೇಶನ ಮುಖ ನೋಡಿದಮೇಲೆ ತಡೆದುಕೊಂಡೆ.

ವಾಸಪ್ಪನವರು ಶಲ್ಯ ಸರಿಮಾಡಿಕೊಳ್ಳುತ್ತಾ ಅಡುಗೆಮನೆಗೇ ಬಂದರು. "ಎಂತ ಮಾರಾಯಾ ಇದು? ಪಾಯಸವೇ ಹಾಕ್ಲಿಲ್ಲ ಅಂತ ಬೀಗರ ಕಡೆಯವರು ಕೇಳ್ತಿದಾರೆ. ದುರ್ಗಮ್ಮ ಎಲ್ಲಿ? ದುರ್ಗಮ್ಮನ್ನ ಕರಿ."

ಅಮ್ಮ ಉಗ್ರಾಣದ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಇನ್ನೊಂದು ಪಂಕ್ತಿಯಲ್ಲಿ ಎಲ್ಲ ಸರಿಯಾಗುತ್ತದೆ ಎಂದು ವಾಸಪ್ಪನವರನ್ನು ಕಳಿಸಿದಳು. ಪೂರ್ಣೇಶ ಅವಳ ಮುಂದೆ ಬಂದು ನಿಂತ. ನಲವತ್ತು ದಾಟಿದ ಗಂಡಸು, ಮಗ್ಗಿ ತಪ್ಪಿದ ಹುಡುಗನ ಹಾಗೆ.

"ನೀನು ಹೇಳಿದ್ದೇ ಸರಿ ಅಮ್ಮ. ಈ ಪಂಕ್ತಿಗೆ ಪಾಯಸ ಮಜ್ಜಿಗೆಗಿಂತ ಮೊದ್ಲೇ ಬಡಿಸಿಬಿಡ್ತೀನಿ. ಬೋರ್ಡೂ ಹಂಗೇ ಇರ್ಲಿ."

"ಬೇಡ. ಕಡೆಗೇ ಬಡ್ಸು" ಎಂದಳು ಅಮ್ಮ, ಮಂಡಿ ಹಿಡಿದುಕೊಂಡು ಎದ್ದಳು.

ಅಡುಗೆಯವರು ಉಣ್ಣುವುದು ಎಲ್ಲರದ್ದೂ ಆದಮೇಲೆ. ಇಷ್ಟು ವರ್ಷದಲ್ಲಿ ಅಮ್ಮ ಯಾವ ಮದುವೆಯಲ್ಲೂ ನೆಂಟರ ಪಂಕ್ತಿಯಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಅವತ್ತು ಸೀದಾ ಊಟದ ಹಾಲ್‌ಗೆ ನಡೆದು, ಸಾಲಿನ ನಟ್ಟನಡುವೆ ಹುಡುಗನೊಬ್ಬನನ್ನು ಎಬ್ಬಿಸಿ ಕೂತಳು. ಪಕ್ಕದವರು ಬೆರಗಾಗಿ ಜಾಗ ಮಾಡಿಕೊಟ್ಟರು. ಅಲ್ಲಿದ್ದ ಅರ್ಧಕ್ಕರ್ಧ ಜನ ತಮ್ಮ ಮದುವೆಯ ಊಟವನ್ನೇ ಅವಳ ಕೈಯಿಂದ ಉಂಡವರು. ಪೂರ್ಣೇಶ ತನ್ನ ಕೈಯಾರೆ ಅವಳ ಎಲೆಗೆ ಉಪ್ಪು ಬಡಿಸಿದ.

ಕೋಸಂಬರಿ, ಪಲ್ಯ, ಸಾರು, ಹುಳಿ ಎಲ್ಲ ಬಂದು ಹೋದವು. ಮಜ್ಜಿಗೆಯ ಜಗ್ಗು ಹಿಡಿದು ನಾನು ಹೊರಟೆ. ಅಮ್ಮ ನನ್ನ ಮುಖವನ್ನೂ ನೋಡದೆ ಬೊಗಸೆಯೊಡ್ಡಿ ಕುಡಿದಳು. ಅಕ್ಕಪಕ್ಕದವರು ಕುರ್ಚಿ ಹಿಂದಕ್ಕೆ ತಳ್ಳಿ ಅರ್ಧ ಎದ್ದರು. ಅಮ್ಮ ಏಳಲಿಲ್ಲ. ಎಲೆಯ ಮುಂದೆ ಬಲಗೈಯನ್ನು ಹಾಗೇ ಇಟ್ಟುಕೊಂಡು ಕೂತೇ ಇದ್ದಳು.

"ದುರ್ಗಕ್ಕ, ಏಳಲ್ವಾ?" ಎಂದರು ಪಕ್ಕದ ಹೆಂಗಸು.

"ನನ್ನ ಊಟ ಆಗ್ಲಿಲ್ಲ ಮಾರಾಯ್ತಿ."

ದುರ್ಗಮ್ಮ ಎಲೆಯ ಮುಂದೆ ಕೂತಿರುವಾಗ ಎದ್ದು ಹೋಗುವ ಧೈರ್ಯ ಯಾರಿಗಿದೆ? ಆ ಹೆಂಗಸು ಕೂತರು. ಅವರ ಆಚೆಯವರು ಕೂತರು. ಕೈತೊಳೆಯಲು ಹೊರಟಿದ್ದ ಒಬ್ಬರು ಎಂಜಲು ಕೈಯಲ್ಲೇ ಮರಳಿ ಬಂದು, ತಮ್ಮ ಕುರ್ಚಿಯಲ್ಲಿ ಆಗಲೇ ಕೂತಿದ್ದವನನ್ನು ಎಬ್ಬಿಸಿ ಕೂತರು. ಕುರ್ಚಿ ಹಿಡಿದು ನಿಂತವರೆಲ್ಲ ಎರಡು ಹೆಜ್ಜೆ ಹಿಂದೆ ಸರಿದರು. ನಾಯಕನಾದವನು ಎಲ್ಲರಿಗಿಂತ ಮೊದಲು ಎದ್ದು ನಿಲ್ಲಬೇಕೆಂದು ಪೂರ್ಣೇಶನ ಮೊಬೈಲು ಹೇಳಿದ್ದು ನೆನಪಾಯಿತು. ಅಮ್ಮ ಅದನ್ನು ಕೇಳಿಸಿಕೊಂಡಿಲ್ಲ, ಪುಣ್ಯ.

ಆಗ ಪಾಯಸ ಬಂತು. ಹಾಳೆ ಬಟ್ಟಲಲ್ಲಿ ಹೊಗೆಯಾಡುವ ಹಲಸಿನ ಹಣ್ಣಿನ ಪಾಯಸ, ಮೇಲೆ ಒಂದು ಚಮಚ ತುಪ್ಪ. ಸ್ವಲ್ಪ ಹೊತ್ತಿಗೆ ಆ ಮೂಲೆಯಿಂದ ಒಬ್ಬರು ಬಟ್ಟಲೆತ್ತಿ ಇನ್ನಷ್ಟು ಎಂದರು, ಈ ಮೂಲೆಯಿಂದ ಇನ್ನೊಬ್ಬರು. ಹಿಂದೆ ನಿಂತವರು ತಮಗೆ ಉಳಿಯುತ್ತದೋ ಇಲ್ಲವೋ ಎಂದು ಬಕೆಟ್ಟಿನೊಳಗೆ ಇಣುಕತೊಡಗಿದರು. ಬೀಗರ ಜೊತೆ ಕೂತಿದ್ದ ವಾಸಪ್ಪನವರು ಬಟ್ಟಲು ಬರಿದು ಮಾಡಿ, ಸಾಲಿನ ಆ ಕಡೆಯಿಂದಲೇ ಕೂಗಿ ಹೇಳಿದರು:

"ದುರ್ಗಮ್ಮಾ, ನಿಮ್ಮ ಪಾಯಸ ಅಂದ್ರೆ ಪಾಯಸ!"

ಅಮ್ಮ ಬಟ್ಟಲನ್ನು ಕೆಳಗಿಟ್ಟು, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದಳು. "ನಂದಲ್ಲ ವಾಸಪ್ಪನೋರೆ. ನಂದಾಗಿದ್ರೆ ಬೆಲ್ಲ ಇಷ್ಟು ಮುಂದಾಗ್ತಿರ್ಲಿಲ್ಲ. ನಾನು ಊಟಕ್ಕೆ ಬಂದವಳು. ಇದು ಪೂರ್ಣೇಶನ ಊಟ."

ನನಗೆ ಅಳು ಬಂತು. ಜಗ್ಗಿನಲ್ಲಿ ಮುಖ ಬಗ್ಗಿಸಿ ಮಜ್ಜಿಗೆ ಇದೆಯೋ ಇಲ್ಲವೋ ಎಂದು ನೋಡುವವಳಂತೆ ನಿಂತೆ. ಪೂರ್ಣೇಶ ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದ. ಅವತ್ತು ಅವನ ಕಿವಿಯಲ್ಲಿ ಏನೂ ಇರಲಿಲ್ಲ, ಎರಡೂ ಕಿವಿ ಅಮ್ಮನ ಕಡೆಗೇ ಇದ್ದವು. ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಅಕ್ಕಾ, ಮುಂದಿನ ಪಂಕ್ತಿಗೆ ಸ್ವಲ್ಪ ಕಾಯಿಹಾಲು ಸೇರಿಸ್ಲಾ?"

"ನನ್ನ ಕೇಳ್ಬೇಡ" ಎಂದೆ. "ನಿನ್ನ ಊಟ, ನೀನೇ ನೋಡ್ಕೋ."