ಮಾವನವರ ಎಡ ಮೊಣಕಾಲು

ಅವನ ಎಡಗಾಲಿನ ಕಾಲುಚೀಲ ಬಲಗಾಲಿನದಕ್ಕಿಂತ ಎರಡು ಬೆರಳಿನಷ್ಟು ಕೆಳಗಿರುತ್ತಿತ್ತು. ಮೊಣಕಾಲಿಗೆ ಬಿಗಿದ ಕಂದು ಪಟ್ಟಿಗೆ ಸಿಕ್ಕಿಕೊಳ್ಳದಿರಲಿ ಎಂದು ಅವನೇ ಮಡಚಿಕೊಳ್ಳುತ್ತಿದ್ದ. ನಾನು ಅದನ್ನು ಮೊದಲು ಗಮನಿಸಿದಾಗ ಅವನಿಗೆ ಮೂವತ್ತಾರು. ನಾನು ಹೇಳಹೊರಟಿರುವ ಭಾನುವಾರದ ಹೊತ್ತಿಗೆ ಅವನಿಗೆ ಮೂವತ್ತೊಂಬತ್ತು, ಕಾಲುಚೀಲ ಮೂರು ಬೆರಳು ಕೆಳಗೆ.

ಅವನು ನಮ್ಮ ಪಾಡಾದ, ಎಂದರೆ ನಮ್ಮ ಕೇರಿಯ, ಫುಟ್‌ಬಾಲ್ ಕ್ಲಬ್ಬಿನ ಹತ್ತನೇ ನಂಬರ್. ಮೈದಾನದ ನಡುವೆ ಅವನ ಜಾಗ. ಚೆಂಡು ಯಾರ ಕಾಲಿಂದ ಹೊರಟರೂ ಮೊದಲು ಅವನ ಬಳಿ ಬರಬೇಕು, ಅವನು ತಲೆಯೆತ್ತಿ ನೋಡಬೇಕು, ಆಮೇಲೆ ಅದು ಮುಂದೆ ಹೋಗಬೇಕು. ಕೋಲ್ಕತ್ತಾದ ಬಿಬಿಡಿ ಬಾಗ್‌ನ ಯಾವುದೇ ಕಚೇರಿಯಲ್ಲಿ ಕಡತ ಹೋಗುವ ಕ್ರಮವೂ ಇದೇ. ವ್ಯತ್ಯಾಸವೆಂದರೆ ಅವನ ಮೇಜಿನಿಂದ ಹೊರಟ ಕಡತ ಹತ್ತು ವರ್ಷ ಸರಿಯಾದ ವಿಳಾಸಕ್ಕೇ ತಲುಪಿತ್ತು. ಇತ್ತೀಚೆಗೆ ಅವನು ತಲೆಯೆತ್ತುವಷ್ಟರಲ್ಲಿ ಎದುರಾಳಿಗಳು ಮೇಜನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಆ ಭಾನುವಾರ ಲೀಗಿನ ಕೊನೆಯ ಪಂದ್ಯ. ಮುಂದಿನ ವರ್ಷ ಆ ಅಂಗಿ ಬೇಕೋ ಬೇಡವೋ ಎಂದು ಪಂದ್ಯ ಮುಗಿದ ತಕ್ಷಣ ಹೇಳಬೇಕೆಂದು ಕ್ಲಬ್ಬಿನ ಕಾರ್ಯದರ್ಶಿ ಅವನನ್ನು ಕೇಳಿದ್ದರು. ಅಂಗಿ ಬಿಟ್ಟರೆ ಅವನು ಆಟಗಾರರ ಕೋಟಾದಲ್ಲಿ ಕೆಲಸಕ್ಕೆ ಸೇರಿದ ಒಬ್ಬ ಗುಮಾಸ್ತ, ಅಷ್ಟೇ. ಅದು ಅವನಿಗೂ ಗೊತ್ತಿತ್ತು, ಇಡೀ ಪಾಡಾಕ್ಕೂ ಗೊತ್ತಿತ್ತು. ಪಾಡಾದ ಅಭಿಪ್ರಾಯ ಮಾತ್ರ ಫಲಿತಾಂಶ ನೋಡಿಕೊಂಡು ಬದಲಾಗುತ್ತಿತ್ತು. ನಮ್ಮ ಮೀನಿನವನು ಗೆದ್ದ ವಾರ, “ಇಲೀಶ್ ಮೀನು ಹಳೇದಾದರೂ ಇಲೀಶೇ, ದಿದಿ” ಎನ್ನುತ್ತಿದ್ದ. ಸೋತ ವಾರ, “ಹಳೇ ಇಲೀಶನ್ನ ಬೆಕ್ಕೂ ಮೂಸೋದಿಲ್ಲ.” ನಾವು ಅವನ ಬಳಿ ಮೀನು ಕೊಳ್ಳುವವರಲ್ಲ. ಅಭಿಪ್ರಾಯಗಳನ್ನಷ್ಟೇ ಪಡೆಯುತ್ತಿದ್ದೆವು.

ನಾವೆಂದರೆ ನಾಲ್ಕು ಜನ. ಬ್ಯಾಂಕಿನಲ್ಲಿರುವ ನನ್ನ ಅಪ್ಪ, ಮೈಸೂರಿನವರು. ಅಪ್ಪನ ಸ್ನೇಹಿತರಾದ ರೈಲ್ವೆ ಅಧಿಕಾರಿ, ಧಾರವಾಡದವರು, ನನಗೆ ಕಾಕಾ. ಶಾಲೆಯಲ್ಲಿ ಗಣಿತ ಕಲಿಸುವ ಮಂಗಳೂರಿನ ಆಂಟಿ. ಮತ್ತೆ ನಾನು, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವವಳು, ಮಾತಿಗಿಂತ ಎಣಿಕೆಯಲ್ಲಿ ಹೆಚ್ಚು ನೆಮ್ಮದಿ ಕಾಣುವವಳು. ಭಾನುವಾರ ಬೆಳಗ್ಗೆ ಲೇಕ್ ಮಾರ್ಕೆಟ್‌ನಲ್ಲಿ ಕರಿಬೇವು, ಕಾಫಿಪುಡಿ ಕೊಂಡು, ಅದೇ ಚೀಲಗಳೊಂದಿಗೆ ಮೈದಾನದ ಮೋಟುಗೋಡೆಯ ಮೇಲೆ ಕೂರುವುದು ನಮ್ಮ ಮೂರು ವರ್ಷದ ರೂಢಿ. ಅಲ್ಲಿಂದ ಆಟಗಾರರ ಬೆಂಚಿಗೆ ನಾಲ್ಕು ಹೆಜ್ಜೆ.

ಕೋಲ್ಕತ್ತಾದಲ್ಲಿ ನಮ್ಮಂಥವರು ಕನ್ನಡವನ್ನು ಬಾಗಿಲು ಹಾಕಿದ ಕೋಣೆಯಂತೆ ಬಳಸುತ್ತೇವೆ. ಬಸ್ಸಿನಲ್ಲಿ ಎದುರು ನಿಂತವರ ಕೂದಲಿನ ಬಣ್ಣದ ಬಗ್ಗೆ, ಲಿಫ್ಟಿನಲ್ಲಿ ಪಕ್ಕದವರ ಸೆಂಟಿನ ಬಗ್ಗೆ ನಿರಾತಂಕವಾಗಿ ಮಾತಾಡುತ್ತೇವೆ. ಹತ್ತನೇ ನಂಬರಿನ ವಿಷಯದಲ್ಲೂ ಹಾಗೆಯೇ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆಮನೆಯಲ್ಲಿ ಹುಡುಗಿಯ ಅಪ್ಪ ನಿಂತಂತೆ ನಿಂತು, ಓಡುವ ಕೆಲಸವನ್ನೆಲ್ಲ ಬೇರೆಯವರಿಗೆ ಹೇಳುತ್ತಿದ್ದ. ಹಾಗಾಗಿ ಅಪ್ಪ ಅವನಿಗೆ ‘ಮಾವನವರು’ ಎಂದು ಹೆಸರಿಟ್ಟಿದ್ದರು.

ಒಂದು ವಿಷಯವನ್ನು ಈಗಲೇ ಹೇಳಿಬಿಡುವುದು ನ್ಯಾಯ. ಮಾವನವರಿಗೆ ಕನ್ನಡ ಬರುತ್ತಿತ್ತು. ಮೂರು ವರ್ಷ ನಮಗೆ ಅದು ಗೊತ್ತಿರಲಿಲ್ಲ.

ಆ ಭಾನುವಾರ ಮೊದಲರ್ಧದಲ್ಲೇ ಒಂದು ಗೋಲು ಬಿಟ್ಟುಕೊಟ್ಟೆವು. ಮಾವನವರ ಕಾಲಿಂದ ಕಸಿದ ಚೆಂಡು ಅದು.

“ಏನ್ ತಂಗಿ, ಇಂವಾ ಆಡಾಕ ಬಂದಾನೋ, ವಾಕಿಂಗ್ ಬಂದಾನೋ?” ಕಾಕಾ ಶುರು ಮಾಡಿದರು.

“ಒಂದು ಕುರ್ಚಿ ಹಾಕಿ ಕೊಡಿ ಮಾರಾಯ್ರೆ. ಕೂತ್ಕೊಂಡೇ ಪಾಸ್ ಕೊಡ್ಲಿ,” ಎಂದರು ಆಂಟಿ.

“ಕುರ್ಚಿ ಬೇಡ. ಮಾವನವರು ಕೂತರೆ ಎಬ್ಬಿಸೋಕೆ ನಾಲ್ಕು ಜನ ಬೇಕು,” ಎಂದರು ಅಪ್ಪ.

ವಿರಾಮದಲ್ಲಿ ಅವನು ಬೆಂಚಿಗೆ ಬಂದು, ನಮಗೆ ಬೆನ್ನು ಹಾಕಿ ಕೂತು, ಪಟ್ಟಿ ಬಿಚ್ಚಿದ. ಪಕ್ಕಕ್ಕೆ ಚಾಚಿದ ಮೊಣಕಾಲು ಬೇಯಿಸಿದ ಬೀಟ್‌ರೂಟಿನಂತಿತ್ತು. ಕಾಕಾ ನನ್ನತ್ತ ತಿರುಗಿ, “ನಮ್ಮ ಸೈಂಟಿಸ್ಟ್ ಏನಂತಾಳ?” ಎಂದು ಕೇಳಿದರು.

ನಾನು ಕೋಲ್ಕತ್ತಾದಲ್ಲೇ ಬೆಳೆದವಳು. ಸೌಜನ್ಯದ ಮಾತನ್ನೆಲ್ಲ ಇಂಗ್ಲಿಷಿನಲ್ಲೂ ಬಂಗಾಳಿಯಲ್ಲೂ ಕಲಿತೆ. ಕನ್ನಡದಲ್ಲಿ ನನಗಿರುವುದು ಅಡುಗೆಮನೆಯ ಮಾತು, ಅಂದರೆ ನಿಜವನ್ನು ನೇರವಾಗಿ ಹೇಳುವ ಮಾತು. ಆಟದ ಲೆಕ್ಕ ಬರೆಯುವ ನೋಟ್‌ಬುಕ್ ನೋಡಿಕೊಂಡು ಹೇಳಿದೆ: “ಹನ್ನೊಂದು ಸಲ ಓಡಿದಾನೆ. ಮಿಕ್ಕಿದ್ದೆಲ್ಲ ನಡಿಗೆ. ಪಾಸ್ ಎಲ್ಲಿಗೆ ಹೋಗಬೇಕು ಅಂತ ಅವನಿಗೆ ಇನ್ನೂ ಕಾಣುತ್ತೆ. ಕಾಲು ಅಲ್ಲಿಗೆ ಕಳಿಸಲ್ಲ. ಮರ್ಯಾದೆಯಾಗಿ ಇವತ್ತೇ ಬಿಟ್ಟುಬಿಡಬೇಕು. ಇಲ್ಲದಿದ್ರೆ ಮುಂದಿನ ವರ್ಷ ಜನ ಪಾಪ ಅಂತಾರೆ.”

ಅವನು ಪಟ್ಟಿ ಸುತ್ತುವುದನ್ನು ನಿಲ್ಲಿಸಿದ. ತಿರುಗಿ ನನ್ನನ್ನೇ ನೋಡಿ, ‘ಅ’ಗಳನ್ನೆಲ್ಲ ಬಂಗಾಳಿಗಳಂತೆ ಗುಂಡಗೆ ಮಾಡಿ ಹೇಳಿದ: “ಮೇಡಂ, ಪಾಪ ಅನ್ನೋದು ಈ ವರ್ಷಾನೇ ಶುರುವಾಗಿದೆ.”

ಅಪ್ಪನ ಕೈಯಲ್ಲಿದ್ದ ಕರಿಬೇವಿನ ಕಟ್ಟು ಗೋಡೆಯಾಚೆ ಬಿತ್ತು. ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ರೈಲು ಹಳಿ ತಪ್ಪಿದರೂ ಮಾತು ತಪ್ಪದ ಕಾಕಾ ಕಾಫಿಪುಡಿಯ ಚೀಲದೊಳಗೆ ಏನೋ ಹುಡುಕತೊಡಗಿದರು.

“ನಿಮಗೆ... ಕನ್ನಡ?” ಎಂದರು ಅಪ್ಪ. ಮೂರು ವರ್ಷದಲ್ಲಿ ಮೊದಲ ಬಾರಿ ಬಹುವಚನ.

“ಬೆಂಗಳೂರಲ್ಲಿ ನಾಲ್ಕು ವರ್ಷ ಆಡಿದೀನಿ ಸಾರ್. ಫ್ಯಾಕ್ಟರಿ ಟೀಮು. ಮೆಸ್ಸಿನ ಅಡುಗೆಯವರು ಮಂಡ್ಯದವರು. ಅವರ ಬೈಗುಳ ಕೇಳಿದ ಮೇಲೆ ನಿಮ್ದೆಲ್ಲ ಏನೂ ಅಲ್ಲ.”

“ಮೊದಲೇ ಹೇಳೋದಲ್ವಾ!”

“ಹೇಳಿದ್ರೆ ನೀವೂ ಮುಖ ನೋಡ್ಕೊಂಡು ಮಾತಾಡ್ತಿದ್ರಿ. ಇಲ್ಲಿ ಎಲ್ಲರೂ ಹಾಗೇ ಮಾತಾಡ್ತಾರೆ. ಗೆದ್ರೆ ದೇವರು, ಸೋತ್ರೆ ಹೆಣ. ನೀವು ನಾಲ್ಕು ಜನ ಗೆದ್ರೂ ಬೈತೀರಿ.” ಆಮೇಲೆ ಸ್ವಲ್ಪ ತಡೆದು, “ಮಾವನವರು ಅಂದ್ರೆ ನಾನೇ ಅಂತ ಗೊತ್ತಾಗೋಕೆ ಮಾತ್ರ ಒಂದು ವರ್ಷ ಬೇಕಾಯ್ತು,” ಎಂದ.

ನೆಲ ಬಾಯಿ ಬಿಡಲಿ ಎಂದುಕೊಂಡೆ. ಅದು ಮೈದಾನದ ನೆಲ, ಕೆಸರು. ಅರ್ಧ ಇಂಚು ಬಿಟ್ಟಿತು, ಅಷ್ಟೇ.

ರೆಫರಿ ಸೀಟಿ ಊದುವ ಮೊದಲು ಅವನು ಗೋಡೆಯ ಹತ್ತಿರ ಬಂದ. “ಮೇಡಂ, ಒಂದು ಸಹಾಯ. ಹಿಂದಿನಿಂದ ಯಾವ ಕಡೆ ಬರ್ತಿದಾರೆ ಅಂತ ತಿರುಗಿ ನೋಡೋಕೆ ನನಗೆ ಒಂದು ಸೆಕೆಂಡ್ ಬೇಕು. ಆ ಸೆಕೆಂಡ್ ಈಗ ನನ್ನ ಹತ್ರ ಇಲ್ಲ. ನೀವು ಕೂಗಿ. ಎಡಗಡೆ, ಬಲಗಡೆ. ಅವರ ಟೀಮಿಗೆ ಅರ್ಥ ಆಗಲ್ಲ.”

“ನಾನು ಕೂಗಲ್ಲ,” ಎಂದೆ. ಅದು ನಾಚಿಕೆಯಲ್ಲ, ಮಾಹಿತಿ. ನಾನು ಟ್ಯಾಕ್ಸಿಯನ್ನೂ ಕೈಬೀಸಿಯೇ ನಿಲ್ಲಿಸುವವಳು.

“ಇವತ್ತು ಬಿಡಬೇಕು ಅಂತ ಹೇಳಿದ್ದು ನೀವು. ಸರಿಯಾಗಿ ಒಂದು ಅರ್ಧ ಆಡಿ ಆಮೇಲೆ ಯೋಚಿಸ್ತೀನಿ.”

ಹೀಗೆ ಒಬ್ಬ ಮನುಷ್ಯನ ನಿವೃತ್ತಿ ನನ್ನ ಗಂಟಲಿಗೆ ಬಂದು ನಿಂತಿತು.

ಮೊದಲ ಸಲ ಕೂಗಿದಾಗ ನನ್ನ ಪಕ್ಕದಲ್ಲಿದ್ದ ಆಂಟಿಗೂ ಕೇಳಲಿಲ್ಲ. ಎರಡನೆಯ ಸಲ ಕೇಳಿತು. ಆದರೆ ಅಷ್ಟರಲ್ಲಿ ಉಳಿದ ಮೂವರಿಗೂ ಹುಮ್ಮಸ್ಸು ಬಂದಿತ್ತು. “ಬಲಕ್ಕ ಹೊಳ್ಳ್ರೀ, ಬಲಕ್ಕ!” ಎಂದು ಕಾಕಾ, “ಅಲ್ಲ ಮಾರಾಯ್ರೆ, ಈಚೆ ಬದಿಗೆ!” ಎಂದು ಆಂಟಿ, “ಮಾವ... ಸಾರ್, ಹಿಂದೆ!” ಎಂದು ಅಪ್ಪ. ಮಂಡ್ಯದ ಅಡುಗೆಯವರ ಪಾಠದಲ್ಲಿ ಧಾರವಾಡದ ‘ಹೊಳ್ಳು’, ಅಂದರೆ ತಿರುಗು, ಇರಲಿಲ್ಲ. ಅವನು ಚೆಂಡಿನ ಮೇಲೆ ಕಾಲಿಟ್ಟು ನಮ್ಮತ್ತಲೇ ನೋಡುತ್ತ ನಿಂತ. ಎದುರಾಳಿಯೊಬ್ಬ ನಿಧಾನವಾಗಿ ಬಂದು, ಸಾಲ ವಸೂಲಿಗೆ ಬಂದವನಷ್ಟು ಸಮಾಧಾನದಿಂದ ಚೆಂಡನ್ನು ತೆಗೆದುಕೊಂಡು ಹೋದ.

“ಒಬ್ಬರೇ!” ಎಂದು ಅವನು ಮೈದಾನದ ನಡುವಿನಿಂದ ಕಿರುಚಿದ. “ಮೇಡಂ ಒಬ್ಬರೇ!”

ಮೂವರು ಹಿರಿಯರು ಬಾಯಿ ಮುಚ್ಚಿ ಕೂತದ್ದನ್ನು ಅಂದು ಮಾತ್ರ ನೋಡಿದ್ದೇನೆ. ನಾನು ಗೋಡೆಯ ಮೇಲೆ ಎದ್ದು ನಿಂತೆ. ಎಡ. ಬಲ. ಎಡ. ಚಹಾದವನು ಕೆಟಲ್ ಕೆಳಗಿಟ್ಟು, ಈ ದಕ್ಷಿಣದ ಹುಡುಗಿಗೆ ಏನಾಯಿತೆಂದು ನೋಡಿದ. ಮಾವನವರು ಈಗ ಚೆಂಡನ್ನು ಇಟ್ಟುಕೊಳ್ಳುತ್ತಲೇ ಇರಲಿಲ್ಲ. ಬಂದದ್ದು ಬಂದಂತೆಯೇ ಒಂದೇ ಸ್ಪರ್ಶದಲ್ಲಿ ಹೋಗುತ್ತಿತ್ತು. ಮುಗಿಯಲು ಆರು ನಿಮಿಷವಿದ್ದಾಗ ಅವನ ಹಿಂದೆ ಇಬ್ಬರು ಒಟ್ಟಿಗೇ ಬಂದರು. “ಎರಡೂ ಕಡೆ!” ಎಂದು ಕೂಗಿದೆ. ಅವನು ತಿರುಗಲಿಲ್ಲ, ನೋಡಲಿಲ್ಲ. ಹಿಮ್ಮಡಿಯಿಂದ ಚೆಂಡನ್ನು ಅವರಿಬ್ಬರ ನಡುವೆಯೇ ಹಿಂದಕ್ಕೆ ತಳ್ಳಿದ. ಅದು ಮುಂದಿನ ವರ್ಷ ಹತ್ತನೇ ನಂಬರ್ ತನ್ನದೆಂದು ಈಗಾಗಲೇ ಹೇಳಿಕೊಂಡು ತಿರುಗುತ್ತಿದ್ದ ಹತ್ತೊಂಬತ್ತರ ಫಾರ್ವರ್ಡ್‌ನ ಕಾಲಿಗೆ ಹೋಯಿತು. ಆ ಹುಡುಗ ಗೋಲು ಹೊಡೆದು, ಎಲ್ಲವೂ ತನ್ನದೇ ಕೆಲಸವೆಂಬಂತೆ ಅಂಗಿ ಬಿಚ್ಚಿ ಓಡಿದ. ಪಂದ್ಯ ಸಮವಾಯಿತು.

ಮುಗಿದ ಮೇಲೆ ಕಾರ್ಯದರ್ಶಿ ಗೋಲ್‌ಪೋಸ್ಟಿನ ಬಳಿ ಕಾದು ನಿಂತಿದ್ದರು. ಮಾವನವರು ಅತ್ತ ಹೋಗದೆ ನಮ್ಮ ಗೋಡೆಗೆ ಬಂದ.

“ಎಷ್ಟು?”

“ಒಂಬತ್ತು ಸಲ ಓಡಿದಿರಿ,” ಎಂದೆ. ನನ್ನ ದನಿ ಆಗಲೇ ಒಡೆದಿತ್ತು. “ಮೊದಲರ್ಧಕ್ಕಿಂತ ಎರಡು ಕಡಿಮೆ.”

“ಬಿಡಲಾ?”

ಅವನ ಬೆನ್ನಿಗೆ ಸುಲಭವಾಗಿ ಹೇಳಿದ್ದನ್ನು ಮುಖಕ್ಕೆ ಹೇಳಬೇಕಾಗಿತ್ತು. ಅಪ್ಪ ನನ್ನ ಮೊಣಕೈ ಚಿವುಟಿದರು. ಆ ಹಿಮ್ಮಡಿಯ ಪಾಸ್ ನನ್ನ ಕಣ್ಣಲ್ಲಿ ಇನ್ನೂ ಇತ್ತು. ಆದರೆ ಅದು ಒಂದು ಪಾಸ್. ಮೊಣಕಾಲೂ ನನ್ನ ಕಣ್ಣೆದುರೇ ಇತ್ತು.

“ಬಿಡಿ,” ಎಂದೆ.

ಅವನು ಗಂಭೀರವಾಗಿ ತಲೆಯಾಡಿಸಿದ. ಒಪ್ಪಿದ ಎಂದೇ ನಾವು ನಾಲ್ವರೂ ತಿಳಿದೆವು. ಆಂಟಿಯ ಕಣ್ಣು ಒದ್ದೆಯಾಯಿತು. ಅವನು ಕುಂಟುತ್ತ ಕಾರ್ಯದರ್ಶಿಯ ಬಳಿ ಹೋಗಿ, ಇಡೀ ಮೈದಾನಕ್ಕೆ ಕೇಳುವಂತೆ ಬಂಗಾಳಿಯಲ್ಲಿ ಹೇಳಿದ: “ಆರ್ ಏಕ್ ಬೊಛೋರ್!” ಇನ್ನೊಂದು ವರ್ಷ.

“ಅಯ್ಯ ಇವನ, ಮಂಗ್ಯಾ!” ಎಂದರು ಕಾಕಾ. ಏಕವಚನ ವಾಪಸ್ಸಾಗಿತ್ತು. ಮೀನಿನವನು ದೂರದಿಂದಲೇ ಇಲೀಶ್ ಕುರಿತು ಏನೋ ಕೂಗಿದ. ಹತ್ತೊಂಬತ್ತರವನು ಬಿಚ್ಚಿದ ಅಂಗಿಯನ್ನು ಸುಮ್ಮನೆ ಹಾಕಿಕೊಂಡ.

ಮಾವನವರು ನಮ್ಮ ಮುಂದೆ ಹಾದುಹೋಗುವಾಗ ನನಗೆ ಹೇಳಿದ್ದು ಇಷ್ಟೇ: “ಮುಂದಿನ ವರ್ಷ ಸ್ವಲ್ಪ ಜೋರಾಗಿ ಮೇಡಂ.”

ಮರುದಿನ ಬೆಳಗ್ಗೆ ನನಗೆ ದನಿಯೇ ಇರಲಿಲ್ಲ. ಬಿಸಿನೀರಿಗೆ ಉಪ್ಪು ಹಾಕಿ ಮೂರು ಸಲ ಗಂಟಲು ತೊಳೆದೆ. ಆಮೇಲೆ ನೋಟ್‌ಬುಕ್ ತೆರೆದು, ಹಿಂದಿನ ದಿನದ ಪುಟದ ಮೇಲೆ ‘ಕೊನೆಯ ಪಂದ್ಯ’ ಎಂದು ಬರೆದಿದ್ದರಲ್ಲಿ ಮೊದಲ ಪದವನ್ನು ಹೊಡೆದುಹಾಕಿ, ಬಾಲಿಗಂಜ್ ಸ್ಟೇಷನ್ನಿಗೆ ಎಂಟೂ ಹತ್ತರ ಲೋಕಲ್ ಹಿಡಿಯಲು ಹೊರಟೆ.