ಕಿವಿ ಮುಟ್ಟಿಸಿ ನೋಡುವ ಅಕ್ಕ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯ ಸ್ಕ್ಯಾನ್ ಕೋಣೆಗೆ ಸ್ಟ್ರೆಚರ್ ಬರುತ್ತದೆ. ನಿನ್ನೆ ಸಂಜೆ ಏಣಿಯಿಂದ ಬಿದ್ದ ಪೇಂಟರ್. ಕೂದಲಲ್ಲಿ ಇನ್ನೂ ಬಣ್ಣದ ಚುಕ್ಕೆಗಳು, ಎರಡೂ ಕಿವಿಗೆ ಹತ್ತಿ. ಹೆಂಡತಿ ಅವನ ಚಪ್ಪಲಿಗಳನ್ನು ಎದೆಗವುಚಿಕೊಂಡು ನಿಂತಿದ್ದಾಳೆ.

ಡಾಕ್ಟರ ಚೀಟಿಯಲ್ಲಿ ಬಲಗಿವಿ ಎಂದಿದೆ. ಸ್ಕ್ಯಾನ್ ತೆಗೆಯುವ ಅಕ್ಕ ಅದನ್ನು ಓದುತ್ತಾರೆ, ಆದರೆ ನಂಬುವುದಿಲ್ಲ. ತಮ್ಮ ಎರಡೂ ಕಿವಿ ಹಿಡಿದು ಸನ್ನೆ ಮಾಡುತ್ತಾರೆ. “ಯಾವ್ದು ಕೇಳಿಸ್ತಿಲ್ಲ ತಮ್ಮಾ? ಮುಟ್ಟಿ ತೋರಿಸು.”

ಅವನ ಕೈ ಎಡಗಿವಿಗೆ ಹೋಗುತ್ತದೆ. ಅಕ್ಕ ಚೀಟಿಯನ್ನು ಇನ್ನೊಮ್ಮೆ ಓದುತ್ತಾರೆ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಆಸ್ಪತ್ರೆಯವರಿಗೆಲ್ಲ ಇವರು ಕಿವಿಯಕ್ಕ. ದಿನಕ್ಕೆ ನಲವತ್ತು ಸ್ಕ್ಯಾನ್ ಆದರೆ, ಕಿವಿಗೆ ಪೆಟ್ಟಾದವರು ಎರಡೋ ಮೂರೋ. ಒಳಗಿನ ಮೂರು ಮೂಳೆಗಳಲ್ಲಿ ಚಿಕ್ಕದು ಅಕ್ಕಿ ಕಾಳಿಗಿಂತ ಚಿಕ್ಕದು. ಅದು ಕೂದಲೆಳೆಯಷ್ಟು ಜರುಗಿದರೂ ಚಿತ್ರದಲ್ಲಿ ಕಾಣಬೇಕು. ರೋಗಿ ಒಮ್ಮೆ ಉಗುಳು ನುಂಗಿದರೂ ಮತ್ತೆ ಮೊದಲಿನಿಂದ.

ಈ ಅಪನಂಬಿಕೆ ಸುಮ್ಮನೆ ಬಂದದ್ದಲ್ಲ. “ಕೆಲಸಕ್ಕೆ ಸೇರಿದ ಎರಡನೇ ವರ್ಷ ಒಂದು ಮಗು ಬಂದಿತ್ತು. ಮೈಗೆಲ್ಲ ನಳಿಕೆ ಹಾಕಿದ್ರಲ್ಲ, ಅದಕ್ಕೆ ಮಿಷನ್ನಿನೊಳಗೆ ಕಾಲು ಮುಂದಾಗಿ ಮಲಗಿಸಿದ್ವಿ. ನಾನು ಮಾತ್ರ ತಲೆ ಮುಂದೆ ಅನ್ನೋ ಬಟನ್ ಒತ್ಬಿಟ್ಟೆ. ಚಿತ್ರದಲ್ಲಿ ಎಡ ಬಲ ಅದಲುಬದಲು. ಆಪರೇಷನ್ ಬಾಗಿಲಲ್ಲಿ ಅವರಮ್ಮ, ಆ ಕಿವಿ ಅಲ್ಲ ಅಂತ ಕೈ ಅಡ್ಡ ಹಿಡಿದಳು. ಇಲ್ದಿದ್ರೆ ಚೆನ್ನಾಗಿರೋ ಕಿವೀನ ಕೊಯ್ದಿರೋರು.” ಎನ್ನುತ್ತಾರೆ ಅಕ್ಕ.

ಅಂದಿನಿಂದ ಜೇಬಿನಲ್ಲೊಂದು ಪುಟ್ಟ ಡಬ್ಬಿ. ಅದರೊಳಗೆ ಸಾಸಿವೆ ಕಾಳಿನಷ್ಟು ಲೋಹದ ಮಣಿಗಳು. ರೋಗಿ ಮುಟ್ಟಿ ತೋರಿಸಿದ ಕಿವಿಯ ಹಾಲೆಗೆ ಒಂದನ್ನು ಅಂಟಿಸುತ್ತಾರೆ. ಚಿತ್ರದಲ್ಲಿ ಅದು ಬಿಳಿ ಚುಕ್ಕೆಯಾಗಿ ಕಾಣುತ್ತದೆ.

ಪೇಂಟರನ ಎಡಗಿವಿಗೂ ಮಣಿ ಅಂಟಿಸಿ, ಗಾಜಿನಾಚೆ ಬಂದು ಕೂರುತ್ತಾರೆ. ಕುರ್ಚಿಯ ತುದಿಯಲ್ಲಷ್ಟೇ. ಚಿತ್ರಗಳು ಒಂದೊಂದಾಗಿ ಮೂಡುತ್ತವೆ. ಎಡಗಡೆ ಮೂಳೆಯಲ್ಲಿ ಸಣ್ಣ ಬಿರುಕು, ಜರುಗಿದ ಪುಟ್ಟ ಮೂಳೆ. ಬಿಳಿ ಚುಕ್ಕೆಯೂ ಅದೇ ಪಕ್ಕ. ಬಲಗಿವಿ ಸರಿಯಾಗಿದೆ.

ಅಕ್ಕ ಫೋನ್ ಎತ್ತುತ್ತಾರೆ. “ಡಾಕ್ಟ್ರೇ, ಚೀಟೀಲಿ ಬಲ ಅಂತಿದೆ, ಪೆಟ್ಟಾಗಿರೋದು ಎಡಕ್ಕೆ.”

ಆ ಕಡೆ ಎಳೆಯ ದನಿ ತಡವರಿಸುತ್ತದೆ. “ಎದುರಿಗೆ ನಿಂತು ಬರೆದೆ ಅಕ್ಕಾ... ನನ್ನ ಬಲಾನೇ ಅವನ ಬಲ ಅಂದ್ಕೊಂಡೆ. ಈಗಲೇ ಬಂದು ತಿದ್ದಿಕೊಡ್ತೀನಿ.”

ತಿದ್ದಿದ ಚೀಟಿ ಕೈಗೆ ಬರುವವರೆಗೆ ಅಕ್ಕ ಸ್ಟ್ರೆಚರನ್ನು ಹೊರಗೆ ಬಿಡುವುದಿಲ್ಲ. ಹೆಂಡತಿಗೆ ಏನಾಯಿತೆಂದೇ ತಿಳಿಯದು. ಕುಡಿಯಲು ನೀರು ಕೇಳುತ್ತಾಳೆ, ಅಕ್ಕ ತಮ್ಮ ಬಾಟಲಿ ಕೊಡುತ್ತಾರೆ.

ಬರುವ ತಿಂಗಳು ಅಕ್ಕನಿಗೆ ನಿವೃತ್ತಿ. ಅವರ ಜಾಗಕ್ಕೆ ಯಾರು ಬರುತ್ತಾರೋ ಗೊತ್ತಿಲ್ಲ, ಅದೇ ಚಿಂತೆ.

“ಶಾಲು ಗೀಲು ಏನೂ ಬೇಡ,” ಎನ್ನುತ್ತಾ ಪೇಂಟರನ ಕಿವಿಯಿಂದ ಬಿಡಿಸಿದ ಮಣಿಯನ್ನು ಒರೆಸಿ ಡಬ್ಬಿಗೆ ಹಾಕುತ್ತಾರೆ. “ನಾನು ಹೋದ್ಮೇಲೆ ಈ ಡಬ್ಬೀನ ಯಾರೂ ಕಸಕ್ಕೆ ಹಾಕದಿದ್ರೆ ಸಾಕು.”